ಹೆಂಚಿನ ಕೆಳಗಿನ ಹೊದಿಕೆ

ಮನೆಯ ಮಾಡನ್ನು ಕುರಿತು ಬರೆದವರು ಅದರ ಮೇಲುಹೊದಿಕೆಯನ್ನು ವರ್ಣಿಸಿ ಅಲ್ಲಿಗೇ ನಿಲ್ಲಿಸುವುದು ವಾಡಿಕೆ. ಹುಲ್ಲು ಹೋಗಿ ಹೆಂಚು ಬಂದಿತು, ಹೆಂಚು ಹೋಗಿ ಕಾಂಕ್ರೀಟು ಬಂದಿತು, ಈಗ ಸೋರುವ ಆ ಕಾಂಕ್ರೀಟಿನ ತಲೆಯ ಮೇಲೆ ತಗಡಿನ ಚಪ್ಪರವೂ ಏರುತ್ತಿದೆ ಎಂದು ಹೇಳಿಬಿಟ್ಟರೆ ನಮ್ಮ ಕರಾವಳಿ ಮಲೆನಾಡುಗಳ ಗೃಹನಿರ್ಮಾಣದ ಚರಿತ್ರೆ ಮುಗಿಯಿತೆಂಬುದು ಅವರ ಭಾವನೆಯಾಗಿರಬೇಕು. ಮಳೆಗೆ ಮೈಯೊಡ್ಡಿದ ಹೊರಪದರಕ್ಕೂ ಅದನ್ನು ಹೊತ್ತ ಪಕಾಸು ರೀಪುಗಳಿಗೂ ನಡುವೆ, ಮನೆಯವರ ಕಣ್ಣಿಗೂ ಬೀಳದಂತೆ ಅಡಗಿದ್ದು, ಜಿನುಗಿದ ಹನಿಯನ್ನು ತಡೆಯುತ್ತ ಒಳಗಿನ ಹಬೆಯನ್ನು ಹೊರಕ್ಕೆ ಬಿಡುತ್ತ ಇದ್ದ ಇನ್ನೊಂದು ಪದರದ ಕಥೆಯನ್ನು ಹೇಳಿದವರು ವಿರಳ.

ಯುಗಾದಿ ಕಳೆದು ಮುಂಗಾರು ಹಿಡಿಯುವುದರೊಳಗೆ ಪುತ್ತೂರು, ಕಾರ್ಕಳ, ತೀರ್ಥಹಳ್ಳಿ, ಸಿರಸಿಗಳ ಸುತ್ತುಮುತ್ತ ಹಳೆಯ ಮನೆಗಳ ಮಾಡನ್ನು ಬಿಚ್ಚಿ ಮರಳಿ ಹೊದಿಸುವ ಕೆಲಸ ಭರದಿಂದ ನಡೆಯುತ್ತದೆ. ಕುಟ್ಟೆ ಹಿಡಿದ ಪಕಾಸುಗಳನ್ನು ಇಳಿಸಿ, ಒಡೆದ ಹೆಂಚುಗಳನ್ನು ಬೇರ್ಪಡಿಸಿ, ಗಟ್ಟಿಯಾದವನ್ನು ಅಂಗಳದಲ್ಲಿ ಒಟ್ಟಿ, ಪಾಚಿಯನ್ನುಜ್ಜಿ ತೊಳೆದು, ಇನ್ನೇನು ಮೇಲೇರಿಸಬೇಕೆನ್ನುವಷ್ಟರಲ್ಲಿ ಗುತ್ತಿಗೆದಾರನು "ಅಡಿಗೆ ಯಾವ ಶೀಟು ಹಾಕೋಣ?" ಎಂದು ಕೇಳುತ್ತಾನೆ. ಅಂಗಡಿಗೆ ಹೋದರೆ ಕಪ್ಪು ಡಾಂಬರು ಹಾಳೆ, ನೀಲಿ ಟಾರ್ಪಾಲು, ಬೆಳ್ಳಿಯ ಹೊಳಪಿನ ಗುಳ್ಳೆಹಾಳೆ, ಬಟ್ಟೆಯಷ್ಟು ಮೆದುವಾದ ಬೂದುಬಣ್ಣದ 'ಉಸಿರಾಡುವ' ಹಾಳೆ ಎಂದು ನಾಲ್ಕಾರು ಬಗೆಯ ಸುರುಳಿಗಳು ನಿಂತಿರುತ್ತವೆ; ಬೆಲೆಯಲ್ಲಿ ಒಂದಕ್ಕೂ ಮತ್ತೊಂದಕ್ಕೂ ಅಜಗಜಾಂತರ. ಅಜ್ಜನ ಕಾಲದ ಹೆಂಚಿನ ಮನೆಗೆ ಅಡಿಹಾಳೆ ಎಲ್ಲಿತ್ತು, ಇದೆಲ್ಲ ಮಾರುವವರ ಹೂಟ ಎಂದು ಮನೆಯ ಹಿರಿಯರು ಗೊಣಗುವುದೂ ಉಂಟು. ಹಾಳೆ ಇರಲಿಲ್ಲವೆಂಬುದು ನಿಜ. ಆದರೆ ಹಾಳೆ ಮಾಡಬೇಕಾದ ಕೆಲಸದಲ್ಲಿ ಮುಕ್ಕಾಲನ್ನು ಮಾಡುತ್ತಿದ್ದ ಮತ್ತೊಂದು ಆ ಮನೆಯಲ್ಲಿತ್ತು, ಅದು ಅಡುಗೆಮನೆಯ ಒಲೆ. ಈ ಮಾತನ್ನು ಒಪ್ಪಿಸುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಅಡಿಹೊದಿಕೆಯೆಂಬುದು ಯಂತ್ರಯುಗದ ಕಲ್ಪನೆಯೇನೂ ಅಲ್ಲ. ಕಾಶ್ಮೀರದ ಹಳೆಯ ಮನೆಗಳಲ್ಲಿ ಮರದ ಹಲಗೆಗಳ ಮೇಲೆ ಭೂರ್ಜದ ತೊಗಟೆಯನ್ನು ಪದರಪದರವಾಗಿ ಹಾಸಿ, ಅದರ ಮೇಲೆ ಮಣ್ಣು ಹರಡುತ್ತಿದ್ದರು. ವಸಂತದಲ್ಲಿ ಆ ಮಣ್ಣಿನ ಮಾಡಿನ ಮೇಲೆ ಹೂಗಿಡಗಳು ಅರಳಿ ನಿಲ್ಲುತ್ತಿದ್ದುವು. ಶಾಸ್ತ್ರಕಾವ್ಯಗಳನ್ನು ಯಾವ ಭೂರ್ಜಪತ್ರದ ಮೇಲೆ ಬರೆದಿಟ್ಟರೋ ಅದೇ ಭೂರ್ಜಪತ್ರವು ಆ ಶಾಸ್ತ್ರಗಳನ್ನು ಓದುವವರ ತಲೆಯ ಮೇಲೆ ಹಿಮದ ನೀರನ್ನು ತಡೆಯುತ್ತಿತ್ತೆಂಬುದು ಚಿಂತಿಸತಕ್ಕ ವಿಷಯ. ನಾರ್ವೆಯ ರೈತರೂ ತಮ್ಮ ಹುಲ್ಲುಹೆಂಟೆಯ ಮಾಡುಗಳ ಕೆಳಗೆ ಇದೇ ಜಾತಿಯ ಮರದ ತೊಗಟೆಯನ್ನೇ ಹಾಸುತ್ತಿದ್ದರು. ಎರಡು ದೇಶಗಳಿಗೆ ಪರಸ್ಪರ ಪರಿಚಯವಿರಲಿಲ್ಲ. ತೊಗಟೆಯ ಗುಣವೊಂದೇ ಇಬ್ಬರಿಗೂ ಗುರುವಾಯಿತು. ಎರಡು ಕಡೆಯಲ್ಲಿಯೂ ಮೇಲಿನ ಮಣ್ಣು ತೊಗಟೆಯನ್ನು ಗಾಳಿಗೆ ಹಾರದಂತೆ ಅದುಮಿ ಹಿಡಿಯುವ ಭಾರಮಾತ್ರ. ನೀರನ್ನು ನಿಜವಾಗಿ ತಡೆಯುತ್ತಿದ್ದದ್ದು ಕೆಳಗಿನ ಪದರ.

ನಮ್ಮ ಕಲ್ಲುಕುಟಿಗರು ಇದೇ ಸಮಸ್ಯೆಯನ್ನು ತಲೆಕೆಳಗು ಮಾಡಿ ಬಿಡಿಸಿದರು. ಐಹೊಳೆಯ ಲಾಡಖಾನ್ ಗುಡಿಯ ಇಳಿಜಾರು ಮಾಡಿನಲ್ಲಿ ಕಲ್ಲುಚಪ್ಪಡಿಗಳು ಒಂದರ ಪಕ್ಕಕ್ಕೊಂದು ಮಲಗಿವೆ. ಎರಡು ಚಪ್ಪಡಿಗಳು ಕೂಡುವ ಸಂದಿನಲ್ಲಿ ನೀರಿಳಿಯದಿರಲೆಂದು ಆ ಸಂದಿನುದ್ದಕ್ಕೂ ಮರದ ತುಂಡನ್ನು ಹೋಲುವ ನೀಳವಾದ ಕಲ್ಲಿನ ಪಟ್ಟಿಯೊಂದನ್ನು ಕವುಚಿದ್ದಾರೆ. ಮರದ ಮನೆಯಲ್ಲಿ ಕಲಿತ ಪಾಠವನ್ನು ಶಿಲ್ಪಿಯು ಕಲ್ಲಿನಲ್ಲಿ ಬರೆದಿಟ್ಟಿರುವನೆಂಬುದು ನೋಡಿದೊಡನೆ ತಿಳಿಯುತ್ತದೆ. ಬಯಲುಸೀಮೆಯ ಮಳೆಗೆ ಅದು ಹೆಚ್ಚೇ ಆಯಿತೆನ್ನಬಹುದು. ಆದರೆ ಮೂಡುಬಿದಿರೆಯ ಬಸದಿಗಳಲ್ಲಿಯೂ ಭಟ್ಕಳದ ಗುಡಿಗಳಲ್ಲಿಯೂ ಅಂಥ ಇಳಿಜಾರು ಚಪ್ಪಡಿಗಳೇ ಪಶ್ಚಿಮ ಸಮುದ್ರದ ಮಳೆಯನ್ನು ಶತಮಾನಗಳ ಕಾಲ ತಡೆದಿವೆ. 1430ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಕೆಳಗಿನ ಮಾಡು ಕಲ್ಲು, ಮೇಲಿನ ಅಂತಸ್ತುಗಳದು ಮರ, ಆ ಮರಕ್ಕೆ ತಾಮ್ರದ ತಗಡಿನ ಹೊದಿಕೆ. ದೇವರಿಗೆ ತಾಮ್ರ ಸಂದಿತು. ಒಕ್ಕಲಿಗೆ ಅದು ದೊರೆಯುವ ಮಾತೇ ಇರಲಿಲ್ಲ.

ಒಕ್ಕಲಿನ ಮನೆಗೆ ಇದ್ದದ್ದು ಹುಲ್ಲು. ತುಳುನಾಡಿನ ಗುಡ್ಡಗಳಲ್ಲಿ ಬೆಳೆಯುವ ಮುಳಿಹುಲ್ಲು, ಗದ್ದೆಯ ಬೈಹುಲ್ಲು, ತೆಂಗಿನ ಹೆಣೆದ ಮಡಲು, ಘಟ್ಟದ ಮೇಲೆ ಅಡಕೆಯ ಸೋಗೆ, ಹೀಗೆ ಕೈಗೆಟುಕಿದ್ದೆಲ್ಲವೂ ಮಾಡಿಗೇರುತ್ತಿತ್ತು. ಹುಲ್ಲಿನ ಮಾಡಿಗೆ ಮೇಲುಪದರ ಅಡಿಪದರವೆಂಬ ಭೇದವೇ ಇಲ್ಲ. ಗೇಣುದಪ್ಪದ ಆ ಹೊದಿಕೆಯಲ್ಲಿ ಹೊರಗಿನ ನಾಲ್ಕು ಬೆರಳು ನೆನೆದು ಕಪ್ಪಾಗುತ್ತದೆ, ಒಳಗಿನದು ಶ್ರಾವಣದ ಜಡಿಮಳೆಯಲ್ಲಿಯೂ ಒಣಗಿಯೇ ಇರುತ್ತದೆ. ಕಡಿದಾದ ಇಳಿಜಾರಿನ ಮೇಲೆ ಹನಿಯು ಒಂದು ಕಡ್ಡಿಯಿಂದ ಮತ್ತೊಂದಕ್ಕೆ ಹಾರುತ್ತ ಸೂರಿನವರೆಗೆ ಜಾರಿಬಿಡುವುದರಿಂದ ಆಳಕ್ಕಿಳಿಯುವ ವ್ಯವಧಾನವೇ ಅದಕ್ಕೆ ಸಿಕ್ಕುವುದಿಲ್ಲ. ಒಳಗಿನಿಂದಲಾದರೋ ಒಲೆಯ ಹೊಗೆಯು ದಿನವೂ ಮೇಲೇರಿ, ಹುಲ್ಲಿನ ಎಳೆಯೆಳೆಗೂ ಕರಿಹಿಡಿಸಿ, ಬಿದಿರಿನ ಗಳುಗಳನ್ನು ಮಿರುಗುವ ಕಂದುಬಣ್ಣಕ್ಕೆ ತಿರುಗಿಸಿ, ಹುಳಹುಪ್ಪಟೆಗಳನ್ನು ದೂರವಿಟ್ಟು, ತೇವವನ್ನು ಹೊರದೂಡಿ ಹೋಗುತ್ತಿತ್ತು. ಒಲೆಯ ಮೇಲಿನ ಅಟ್ಟದಲ್ಲಿ ಬಿತ್ತನೆಯ ಬೀಜ, ಉಪ್ಪಾಗೆಯ ಸಿಪ್ಪೆ, ಹಪ್ಪಳದ ಡಬ್ಬಿಗಳನ್ನು ಇಡುತ್ತಿದ್ದದ್ದು ಈ ಹೊಗೆಯ ಗುಣವನ್ನು ಬಲ್ಲವರ ಯುಕ್ತಿ. ಮೂಲೆಮೂಲೆಗಳಿಂದ ಜೋತುಬಿದ್ದ ಇಲ್ಲಣವನ್ನು ವರ್ಷಕ್ಕೊಮ್ಮೆ ಹೊಡೆದು ಕೆಡಹುವುದನ್ನು ಬಿಟ್ಟರೆ ಆ ಮಾಡಿಗೆ ಬೇರೊಂದು ರಾಸಾಯನಿಕ ಚಿಕಿತ್ಸೆ ಬೇಕಿರಲಿಲ್ಲ.

ಹುಲ್ಲಿನ ಮನೆಯ ಶತ್ರು ನೀರಿಗಿಂತ ಬೆಂಕಿ. ಅದಕ್ಕೆಂದೇ ಅನುಕೂಲಸ್ಥರ ಮನೆಗಳಲ್ಲಿ ಹುಲ್ಲಿಗೂ ವಾಸದ ಕೋಣೆಗೂ ನಡುವೆ ಮುಚ್ಚಿಗೆಯನ್ನು ಕಟ್ಟಿ, ಹಲಗೆ ಅಥವಾ ಬಿದಿರಿನ ಮೇಲೆ ಜೇಡಿಮಣ್ಣನ್ನು ಮೆತ್ತುತ್ತಿದ್ದರು. ಮೇಲಿನ ಹುಲ್ಲು ಹೊತ್ತಿ ಉರಿದು ಬಿದ್ದರೂ ಕಿಡಿಯು ಆ ಮಣ್ಣಿನ ಮೇಲೆಯೇ ನಂದಿಹೋಗಲೆಂಬುದು ಉದ್ದೇಶ. ವೈಶಾಖದ ಬಿಸಿಲನ್ನೂ, ಎಂದಾದರೊಮ್ಮೆ ತೂರಿದ ಹನಿಯನ್ನೂ ಅದೇ ಮಣ್ಣು ಹೀರಿಕೊಳ್ಳುತ್ತಿತ್ತು. ಈ ಮಣ್ಣಿನ ಮುಚ್ಚಿಗೆಯನ್ನು ನಾನು ನಮ್ಮ ನಾಡಿನ ಮೊದಲ ಅಡಿಹೊದಿಕೆಯೆಂದು ಕರೆಯಲು ಹಿಂಜರಿಯುವುದಿಲ್ಲ. ಬಯಲುಸೀಮೆಯ ಮೇಲ್ಮುದ್ದೆಯ ಮನೆಯಲ್ಲಿಯೂ ಇದರ ಜ್ಞಾತಿಯೊಂದುಂಟು: ಜಂತೆಗಳ ಮೇಲೆ ಕಟ್ಟಿಗೆ, ಕಟ್ಟಿಗೆಯ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಮಣ್ಣು, ಎಲ್ಲದರ ಮೇಲೆ ವರ್ಷವರ್ಷವೂ ಹೊಸದಾಗಿ ಹರಡುವ ಚೌಳು ಮಣ್ಣು. ಆದರೆ ಬಳ್ಳಾರಿ ರಾಯಚೂರುಗಳ ಮಳೆ ಬೇರೆ, ಆಗುಂಬೆಯ ಮಳೆ ಬೇರೆ; ವರ್ಷಕ್ಕೆ 7,000 ಮಿಲಿಮೀಟರನ್ನು ಮೀರುವ ಮಳೆಯ ಕೆಳಗೆ ಮಣ್ಣಿನ ಮಾಳಿಗೆ ಒಂದು ವಾರವೂ ನಿಲ್ಲದು.

ಹುಲ್ಲಿನ ತರುವಾಯ ಕುಂಬಾರನ ಹೆಂಚು. ತಿಗುರಿಯ ಮೇಲೆ ಕೊಳವೆಯಾಗಿ ಎತ್ತಿ, ಹಸಿಯಿರುವಾಗಲೇ ಉದ್ದಕ್ಕೆ ಸೀಳಿ ಸುಟ್ಟ ಅರೆಗೊಳವೆಯ ಹೆಂಚುಗಳವು. ಒಂದು ಸಾಲು ಅಂಗಾತ, ಮತ್ತೊಂದು ಸಾಲು ಬೋರಲು. ಒಂದರ ಅಳತೆ ಮತ್ತೊಂದಕ್ಕಿಲ್ಲದ ಕಾರಣ ಸಂದು ಬಿಡುವುದು ಸಹಜ. ಆದುದರಿಂದ ದಟ್ಟವಾಗಿ ಹೆಣೆದ ಬಿದಿರಿನ ತಟ್ಟಿಯ ಮೇಲೆ ಎರಡು ಮೂರು ಪದರವಾಗಿ ಹೊದಿಸುತ್ತಿದ್ದರು. ಮಾಡಿನ ಮೇಲೆ ಕೋತಿಯೊಂದು ಓಡಿತೆಂದರೆ ಆ ವರ್ಷದ ಲೆಕ್ಕಾಚಾರವೆಲ್ಲ ತಲೆಕೆಳಗು. ಮಳೆಗಾಲಕ್ಕೆ ಮುಂಚೆ ಮಾಡನ್ನೇರಿ ಹೆಂಚು ಕೈಯಾಡಿಸುವುದು ವರ್ಷಂಪ್ರತಿಯ ವ್ರತವಾಗಿ, ಅದರಲ್ಲಿ ನುರಿತ ಕೈಗಳಿಗೆ ಆ ದಿನಗಳಲ್ಲಿ ಬಿಡುವೇ ಇರುತ್ತಿರಲಿಲ್ಲ.

ಇಂಥ ಸಂದರ್ಭದಲ್ಲಿ ಮಂಗಳೂರಿನ ಹೆಂಚು ಕಾಣಿಸಿಕೊಂಡಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಮತಾಂತರ ಹೊಂದಿದವರು ತಮ್ಮ ಹಿಂದಿನ ಕುಲವೃತ್ತಿಯಿಂದಲೂ ಬಂಧುವರ್ಗದಿಂದಲೂ ಹೊರಗಾಗಿ ಜೀವನೋಪಾಯವಿಲ್ಲದೆ ಉಳಿದುದರಿಂದ, ಅವರಿಗೆ ಕೆಲಸ ಕಲ್ಪಿಸುವ ಹೊಣೆಯು ಮಿಷನ್ನಿನ ಮೇಲೆ ಬಿದ್ದಿತು. ನೇಯ್ಗೆ, ಮುದ್ರಣ, ಆಮೇಲೆ ಹೆಂಚು ಹೀಗೆ ಒಂದೊಂದಾಗಿ ಉದ್ಯಮಗಳು ಹುಟ್ಟಿದುವು. ಮುದ್ರಣಾಲಯದ ಕೆಲಸಕ್ಕೆಂದು ಬಂದಿದ್ದ ಗಿಯೋರ್ಗ್ ಪ್ಲೆಬ್‌ಸ್ಟ್ ಎಂಬ ಯಂತ್ರಕುಶಲನು ನೇತ್ರಾವತಿಯ ದಡದ ಜೇಡಿಮಣ್ಣನ್ನು ಪರೀಕ್ಷಿಸಿ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದನು. ಕನ್ನಡದ ಅಕ್ಷರಗಳ ಅಚ್ಚನ್ನು ತಿದ್ದಿದ ಕೈಯೇ ಕನ್ನಡನಾಡಿನ ಮಾಡುಗಳ ಅಚ್ಚನ್ನೂ ಎರೆಯಿತು. ನನ್ನ ದೃಷ್ಟಿಯಲ್ಲಿ ಎರಡನೆಯ ಕೆಲಸವು ಮೊದಲನೆಯದಕ್ಕಿಂತ ಹೆಚ್ಚು ಮನೆಗಳನ್ನು ಮುಟ್ಟಿತು.

ಆ ಹೆಂಚಿನ ಮಾದರಿಯು ಪ್ಲೆಬ್‌ಸ್ಟನ ಸ್ವಂತ ಕಲ್ಪನೆಯಲ್ಲ. ಬಾಸೆಲಿಗೆ ಸಮೀಪದಲ್ಲಿಯೇ ಇರುವ ಆಲ್ಸಾಸಿನ ಆಲ್ಟ್‌ಕಿರ್ಕ್ ಎಂಬ ಊರಿನ ಗಿಲಾರ್ಡೊನಿ ಸೋದರರು 1841ರಲ್ಲಿ ಪೇಟೆಂಟು ಪಡೆದ, ಒಂದರ ಅಂಚು ಮತ್ತೊಂದರ ತೋಡಿನಲ್ಲಿ ಕೂರುವ ಹೆಂಚೇ ಈ ವಂಶದ ಮೂಲಪುರುಷ. ಮುಂದೆ ಮಾರ್ಸೇಲ್ಸ್ ಪಟ್ಟಣದ ಹೆಸರಿನಿಂದ ಅದು ಲೋಕವನ್ನು ಸುತ್ತಿತು. ಅದಕ್ಕೆ ಮುಂಚೆ ಆ ಪ್ರದೇಶದ ಮನೆಗಳ ಮೇಲಿದ್ದುದು ಬೀವರ್ ಪ್ರಾಣಿಯ ಬಾಲದ ಆಕಾರದ ಚಪ್ಪಟೆ ಹೆಂಚು. ಆ ಹೆಂಚನ್ನು ಒಂದೇ ಪದರವಾಗಿ ಹೊದಿಸಿದಲ್ಲಿ ಎರಡರ ನಡುವಿನ ಸಂದಿನ ಕೆಳಗೆ ತೆಳುವಾಗಿ ಸೀಳಿದ ಮರದ ಚಕ್ಕೆಯೊಂದನ್ನು ತುರುಕುವುದು ಅಲ್ಲಿನ ಪದ್ಧತಿ. ಸಂದಿನಿಂದಿಳಿದ ನೀರು ಚಕ್ಕೆಯ ಮೇಲೆ ಹರಿದು ಕೆಳಗಿನ ಹೆಂಚಿನ ಬೆನ್ನಿಗೆ ಸೇರುತ್ತಿತ್ತು. ಐಹೊಳೆಯ ಶಿಲ್ಪಿಯು ಸಂದಿನ ಮೇಲಿಟ್ಟ ಪಟ್ಟಿಯನ್ನು ಆಲ್ಸಾಸಿನ ಬಡಗಿ ಸಂದಿನ ಕೆಳಗಿಟ್ಟನು. ಹೊಸ ಹೆಂಚು ಬಂದು ಆ ಚಕ್ಕೆಯನ್ನು ಅನಾವಶ್ಯಕವಾಗಿಸಿತು. ಅಡಿಹೊದಿಕೆಯನ್ನು ಹೆಂಚು ತನ್ನ ಅಂಚಿನೊಳಗೇ ಅಡಗಿಸಿಕೊಂಡಿತೆನ್ನಬೇಕು.

ಮಂಗಳೂರು ಹೆಂಚೊಂದನ್ನು ಕೈಯಲ್ಲಿ ಹಿಡಿದು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಎರಡೂವರೆ ಕಿಲೋ ಆಸುಪಾಸಿನ ತೂಕ; ಎಡಬಲಗಳಲ್ಲಿ ಒಂದು ಏರು ಒಂದು ತೋಡು; ತಲೆಯ ಕಡೆ ನೀರು ಹಿಂದಕ್ಕೆ ಹತ್ತದಂತೆ ಅಡ್ಡಗಟ್ಟೆ; ಬೆನ್ನಿನಲ್ಲಿ ರೀಪಿಗೆ ಕೊಕ್ಕೆಯಾಗಿ ಸಿಕ್ಕುವ ಎರಡು ಮೊಗ್ಗು; ಗಾಳಿಯ ಊರಿನಲ್ಲಿ ತಂತಿ ಬಿಗಿಯಲು ತೂತಿರುವ ಒಂದು ಕಿವಿ. ಬೆನ್ನಿನ ಮೇಲೆಯೇ ಕಾರ್ಖಾನೆಯ ಮುದ್ರೆ. ಮಿಷನ್ನಿನ ಹೆಂಚಿನ ಮೇಲೆ 1865 ಎಂದು ಅಚ್ಚೊತ್ತಿರುವುದನ್ನು ಕಂಡು ತಮ್ಮ ಮನೆಯ ಮಾಡು ಅಷ್ಟು ಹಳೆಯದೆಂದು ಹೆಮ್ಮೆಪಡುವವರನ್ನು ನಾನು ಬಲ್ಲೆ. ಅದು ಕಾರ್ಖಾನೆ ಹುಟ್ಟಿದ ವರ್ಷವೇ ಹೊರತು ಹೆಂಚು ಸುಟ್ಟ ವರ್ಷವಲ್ಲವೆಂದು ಹೇಳಿ ಅವರ ಸಂತೋಷವನ್ನು ಕೆಡಿಸುವ ಮನಸ್ಸಾಗುವುದಿಲ್ಲ. ಒಂದು ಚದರ ಮೀಟರಿಗೆ ಹದಿನೈದರಂತೆ ಹೊದಿಸಿದರೆ ಮಾಡು ಮುಗಿಯಿತು. ಕುಂಬಾರ ಹೆಂಚಿನ ಎರಡು ಮೂರು ಪದರಗಳು ಒಂದಕ್ಕಿಳಿದುವು, ಬಿದಿರಿನ ತಟ್ಟಿ ಹೋಯಿತು, ವರ್ಷಂಪ್ರತಿ ಕೈಯಾಡಿಸುವ ಖರ್ಚು ಉಳಿಯಿತು. ಮಿಷನ್ನಿನ ಹಿಂದೆಯೇ ಆಲ್ಬುಕರ್ಕ್ ಮೊದಲಾದ ದೇಶೀಯರ ಕಾರ್ಖಾನೆಗಳೂ ನೇತ್ರಾವತಿ ಗುರುಪುರ ನದಿಗಳ ದಡದಲ್ಲಿ ಹೊಗೆಕೊಳವೆಗಳನ್ನು ಎತ್ತಿದುವು. ಮಿಷನ್ನು ತಾನೇ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆಗಳವರೆಗೆ ಕೈಚಾಚಿತು. ಮಂಜಿಗಳಲ್ಲಿ ಹೇರಿದ ಹೆಂಚು ಬೊಂಬಾಯಿ, ಸಿಂಹಳ, ಪೂರ್ವ ಆಫ್ರಿಕಗಳಿಗೆ ಹೋಯಿತು. ಮೊದಲನೆಯ ಮಹಾಯುದ್ಧದಲ್ಲಿ ಸರಕಾರವು ಮಿಷನ್ನಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡು ಕಾಮನ್‌ವೆಲ್ತ್ ಟ್ರಸ್ಟಿಗೆ ಒಪ್ಪಿಸಿದ ಮೇಲೆಯೂ ಹೆಂಚಿನ ಆಕಾರ ಕೂದಲೆಳೆಯಷ್ಟೂ ಬದಲಾಗಲಿಲ್ಲ.

ಅಡಿಹೊದಿಕೆ ಪೂರ್ತಿಯಾಗಿ ಮಾಯವಾಯಿತೆಂದು ಹೇಳಲೂ ಬರುವಂತಿಲ್ಲ. ಶ್ರೀಮಂತರ ಬಂಗಲೆಗಳಿಗೆಂದು ಅದೇ ಕಾರ್ಖಾನೆಗಳು ಚಪ್ಪಟೆಯಾದ, ಕೆಳಮುಖದಲ್ಲಿ ಹೂಬಳ್ಳಿಯ ಉಬ್ಬುಕೆಲಸವಿರುವ ಸೀಲಿಂಗ್ ಹೆಂಚುಗಳನ್ನು ತಯಾರಿಸುತ್ತಿದ್ದುವು. ರೀಪುಗಳ ಮೇಲೆ ಮೊದಲು ಇವನ್ನು ಹಾಸಿ, ಮೇಲೆ ಮಳೆಯ ಹೆಂಚನ್ನು ಹೊದಿಸಿದರೆ ಎರಡರ ನಡುವೆ ನಾಲ್ಕು ಬೆರಳಿನಷ್ಟು ಗಾಳಿಯ ಪದರ ಉಳಿಯುತ್ತದೆ. ಮೇಲಿನಿಂದ ತಪ್ಪಿ ಬಿದ್ದ ಹನಿಯನ್ನು ಕೆಳಗಿನ ಮಣ್ಣು ಹೀರುತ್ತದೆ, ಬಿಸಿಲ ತಾಪ ನಡುವಿನ ಗಾಳಿಯಲ್ಲಿ ತಗ್ಗುತ್ತದೆ. ಹುಲ್ಲಿನ ಮನೆಯ ಮಣ್ಣಿನ ಮುಚ್ಚಿಗೆಯೇ ಸುಟ್ಟು ಗಟ್ಟಿಯಾಗಿ ಮೇಲೇರಿತೆಂದು ಹೇಳಿದರೆ ಅತಿಶಯೋಕ್ತಿಯಾಗದು. ಈ ಜೋಡುಹೆಂಚಿನ ಮಾಡಿಗಿಂತ ಉತ್ತಮವಾದುದನ್ನು ಕರಾವಳಿಯ ಹವೆಗೆ ಯಾರೂ ಈವರೆಗೆ ಕಂಡುಹಿಡಿದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಅದರ ವೆಚ್ಚವೂ ಭಾರವೂ ಸಾಮಾನ್ಯರ ಕೈಗೆಟುಕಲಿಲ್ಲವಾಗಿ, ಸಾಮಾನ್ಯರ ಮನೆಗೆ ಒಂಟಿಹೆಂಚೇ ಗತಿಯಾಯಿತು.

ಒಂಟಿಹೆಂಚು ಹೇಗೆ ಬಾಳಿತು? ಸುಟ್ಟ ಮಣ್ಣು ನೀರನ್ನು ಹೀರುವ ಪದಾರ್ಥ. ಒಳ್ಳೆಯ ಹೆಂಚು ತನ್ನ ತೂಕದ ನೂರಕ್ಕೆ ಹದಿನೆಂಟು ಇಪ್ಪತ್ತು ಪಾಲಿಗಿಂತ ಹೆಚ್ಚು ನೀರು ಕುಡಿಯಬಾರದೆಂಬುದು ಭಾರತೀಯ ಮಾನಕದ ಕಟ್ಟಳೆ. ನೂರೈವತ್ತು ಚದರ ಮೀಟರಿನ ಮಾಡಿಗೆ ಈ ಲೆಕ್ಕ ಹಾಕಿದರೆ, ಆಷಾಢದಲ್ಲಿ ಹೆಂಚುಗಳ ಹೊಟ್ಟೆಯೊಳಗೇ ಸಾವಿರ ಕಿಲೋ ಹತ್ತಿರದ ನೀರು ನಿಲ್ಲುವುದು ಸಾಧ್ಯ. ಆ ನೀರು ಹೊರಕ್ಕೂ ಒಳಕ್ಕೂ ಆರಬೇಕು. ಇದಲ್ಲದೆ ಗಾಳಿಯೊಡನೆ ತೂರಿ ಬರುವ ಎರಚಲು ಸಂದಿನಿಂದ ತುಂತುರಾಗಿ ಒಳನುಗ್ಗುತ್ತದೆ. ಹೊಸ ಹೆಂಚಿನ ಮನೆಗಳಲ್ಲಿ ಮೊದಲ ಮಳೆಗೆ ಹೆಂಚು ಬೆವರುವುದನ್ನು ಎಲ್ಲರೂ ಕಂಡಿದ್ದಾರೆ. ಈ ಎಲ್ಲ ತೇವವನ್ನು ಹೊಗೆಯು ದಿನಕ್ಕೆ ಮೂರು ಹೊತ್ತು ಒಣಗಿಸುತ್ತಿತ್ತು. ಬೆಳಗಿನ ಬಚ್ಚಲೊಲೆ, ಮಧ್ಯಾಹ್ನದ ಅಡುಗೆ, ಸಂಜೆ ದನಕರುಗಳಿಗೆ ಬೇಯಿಸುವ ಮಡ್ಡಿ, ಮಲೆನಾಡಿನಲ್ಲಾದರೆ ಅಡಕೆ ಬೇಯಿಸುವ ಹಂಡೆಗಳು, ಇವೆಲ್ಲದರ ಬಿಸಿಯೂ ಹೊಗೆಯೂ ಮಾಡಿನ ಒಳಮೈಯನ್ನು ಸವರಿಕೊಂಡು ಹೆಂಚಿನ ಸಂದುಗಳಿಂದಲೇ ಹೊರಬೀಳುತ್ತಿದ್ದುವು. ಬೆಳಗಿನ ಜಾವ ದೂರದಿಂದ ನೋಡಿದರೆ ಇಡಿಯ ಮಾಡೇ ಹೊಗೆಯಾಡುತ್ತಿರುವಂತೆ ತೋರುತ್ತಿದ್ದುದರ ಕಾರಣ ಇದೇ. ಯಾವ ಸಂದುಗಳಿಂದ ಎರಚಲು ಬರುತ್ತಿತ್ತೋ ಅವೇ ಸಂದುಗಳು ತೇವಕ್ಕೆ ಹೊರದಾರಿಯೂ ಆಗಿದ್ದುವು.

ಅನಿಲದ ಒಲೆ ಪಟ್ಟಣಗಳಿಗೆ ಬಂದು, ಗೋಬರ್ ಗ್ಯಾಸು ಹಳ್ಳಿಗಳನ್ನು ಹೊಕ್ಕು, ಕೊನೆಗೆ 2016ರ ಉಜ್ವಲಾ ಯೋಜನೆಯಿಂದ ಬಡವರ ಅಡುಗೆಮನೆಗೂ ಸಿಲಿಂಡರು ಏರಿತು. ಹೆಂಗಸರ ಕಣ್ಣು ಶ್ವಾಸಕೋಶಗಳಿಗೆ ಇದರಿಂದ ಆದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಹಳೆಯ ಹೊಗೆಯನ್ನು ಹಾಡಿ ಹೊಗಳುವವರು ಆ ಹೊಗೆಯಲ್ಲಿ ಊದುಗೊಳವೆ ಹಿಡಿದು ಕುಳಿತವರಲ್ಲ. ಆದರೆ ಮಾಡಿಗೆ ಮಾತ್ರ ಅಂದಿನಿಂದ ರೋಗ ಹತ್ತಿತು. ಹೊಗೆ ನಿಂತ ಕೆಲವೇ ಮಳೆಗಾಲಗಳಲ್ಲಿ ರೀಪುಗಳಿಗೆ ಬೂಷ್ಟು, ಪಕಾಸಿಗೆ ಕುಟ್ಟೆ, ಗೋಡೆಗೆ ಗೆದ್ದಲು. ಅದೇ ಕಾಲಕ್ಕೆ ಒಳ್ಳೆಯ ಮರ ದುರ್ಲಭವಾಗಿ, ಕಬ್ಬಿಣದ ಪೈಪುಗಳ ಮೇಲೆ ಹೆಂಚು ಹೊದಿಸುವ ರೂಢಿ ಬಂದಿತು. ಖರ್ಚು ಉಳಿಸಲೆಂದು ಮಾಡಿನ ವಾಟವನ್ನೂ ತಗ್ಗಿಸಿದರು. ಮೂವತ್ತು ಡಿಗ್ರಿಯ ಇಳಿಜಾರಿನಲ್ಲಿ ಸೋರದ ಹೆಂಚು ಇಪ್ಪತ್ತರಲ್ಲಿ ಸೋರದಿದ್ದೀತೆ? ಸೋರಿತು. ಸೋರುವುದನ್ನು ಕಂಡವನು ಟಾರ್ಪಾಲು ತಂದು ಹೆಂಚಿನ ಅಡಿಗೆ ಬಿಗಿದನು.

ಟಾರ್ಪಾಲಿನಿಂದಾದ ಅನರ್ಥವನ್ನು ಕೊಂಚ ವಿವರಿಸಿಯೇ ಹೇಳಬೇಕು. ಪ್ಲಾಸ್ಟಿಕ್ ಹಾಳೆಯು ಮೇಲಿನ ಹನಿಯನ್ನು ತಡೆಯುತ್ತದೆ, ನಿಜ. ಕೆಳಗಿನ ಹಬೆಯನ್ನೂ ಅಷ್ಟೇ ನಿಷ್ಠೆಯಿಂದ ತಡೆಯುತ್ತದೆ. ಅನ್ನ ಬೇಯುವ, ಬಟ್ಟೆ ಒಣಗುವ, ಹತ್ತು ಮಂದಿ ಉಸಿರಾಡುವ ಮನೆಯ ನೀರಾವಿಯೆಲ್ಲ ಮೇಲೇರಿ, ಮಳೆಯಲ್ಲಿ ತಣ್ಣಗಾದ ಆ ಹಾಳೆಯ ಹೊಟ್ಟೆಗೆ ತಗುಲಿ ಹನಿಗಟ್ಟುತ್ತದೆ; ಹನಿಗಳು ಕೂಡಿ ರೀಪಿನಗುಂಟ ಹರಿದು ಗೋಡೆಯ ತಲೆಗೆ ಇಳಿಯುತ್ತವೆ. ಮನೆಯವರು ಮತ್ತೆ ಸೋರಿತೆಂದು ತಿಳಿದು ಇನ್ನೊಂದು ಹಾಳೆಯನ್ನು ಹೊದಿಸುತ್ತಾರೆ. ಮೇಲುಗಡೆಯಲ್ಲಾದರೋ ಹಾಳೆಯನ್ನು ರೀಪಿಗೂ ಹೆಂಚಿಗೂ ನಡುವೆ ಬಿಗಿಯಾಗಿ ಎಳೆದು ಕಟ್ಟಿರುವುದರಿಂದ, ಹೆಂಚಿನಿಂದಿಳಿದ ನೀರು ಸೂರಿಗೆ ಹರಿದುಹೋಗಲಾರದೆ ಒಂದೊಂದು ರೀಪಿನ ಬೆನ್ನಿನಲ್ಲಿಯೂ ಕಟ್ಟಿನಿಂತು, ಮೊಳೆ ಹೊಡೆದ ತೂತಿನಿಂದ ಮರದೊಳಗೆ ಇಳಿಯುತ್ತದೆ. ಹೀಗೆ ಹಾಸಿದ ಮಾಡೊಂದನ್ನು ಏಳೆಂಟು ವರ್ಷಗಳ ಮೇಲೆ ಬಿಚ್ಚಿದಾಗ ರೀಪುಗಳು ಕೈಯಲ್ಲಿ ಹಿಚುಕಿದರೆ ಪುಡಿಯಾಗುವಂತಿದ್ದುದನ್ನು ನೋಡಿದ್ದೇನೆ. ಅದರ ಪಕ್ಕದ ಕೊಟ್ಟಿಗೆಯ ರೀಪುಗಳು, ಹಾಳೆಯಿಲ್ಲದೆ ಎರಡು ತಲೆಮಾರು ಮಳೆಯ ತುಂತುರನ್ನು ತಿಂದವು, ಗಟ್ಟಿಯಾಗಿಯೇ ಇದ್ದುವು.

ಡಾಂಬರು ಹಾಳೆಯ ವಂಶಾವಳಿ ಟಾರ್ಪಾಲಿಗಿಂತ ಘನವಾದುದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸ್ವೀಡನ್ನಿನ ಕಾರ್ಲ್ಸ್‌ಕ್ರೋನ ಬಂದರಿನಲ್ಲಿ ಆರ್ವಿಡ್ ಫಾಕ್ಸೆ ಎಂಬವನು ಮಾಡುಗಳಿಗೆಂದು ಒಂದು ಬಗೆಯ ದಪ್ಪಕಾಗದವನ್ನು ತಯಾರಿಸಿದನು. ಉತ್ತರ ಯೂರೋಪಿನಲ್ಲಿ ಅಂಥ ಕಾಗದಕ್ಕೆ ಟಾರು ಕುಡಿಸುವ ಕೌಶಲವು ಬೆಳೆದು, ಕಲ್ಲಿದ್ದಲಿನ ಅನಿಲದ ಕಾರ್ಖಾನೆಗಳಿಂದ ಟಾರು ಅಗ್ಗವಾಗಿ ಹರಿದುಬಂದ ಹತ್ತೊಂಬತ್ತನೆಯ ಶತಮಾನದಲ್ಲಿ ಲೋಕವ್ಯಾಪಿಯಾಯಿತು. ಹಲಗೆ ಜಡಿದ ಮಾಡಿನ ಮೇಲೆ, ಹಿಮ ಕರಗುವ ದೇಶದಲ್ಲಿ ಅದು ಸಾರ್ಥಕವಾದ ವಸ್ತು. ನಮ್ಮ ಒಂಟಿಹೆಂಚಿನ ಕೆಳಗೆ, ಮಧ್ಯಾಹ್ನದ ಹೆಂಚು ಕೈ ಸುಡುವ ಊರಿನಲ್ಲಿ, ಹಲಗೆಯ ಆಧಾರವಿಲ್ಲದೆ ಎಳೆದು ಕಟ್ಟಿದರೆ ಬೇಸಗೆಯಲ್ಲಿ ಮೆದುವಾಗಿ ಜೋಲುತ್ತದೆ, ಮುದಿಯಾದಂತೆ ಪೆಡಸಾಗಿ ಸೀಳುತ್ತದೆ. ಉಸಿರಾಡುವ ಗುಣವೂ ಅದಕ್ಕಿಲ್ಲ.

ಉಸಿರಾಡುವ ಹಾಳೆಯ ಜನ್ಮವೃತ್ತಾಂತ ಒಂದು ಆಕಸ್ಮಿಕ. 1955ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಪ್ರಯೋಗಶಾಲೆಯೊಂದರಲ್ಲಿ ಜಿಮ್ ವೈಟ್ ಎಂಬ ಸಂಶೋಧಕನು ಕೊಳವೆಯೊಂದರ ಬಾಯಿಂದ ಪಾಲಿಥೀನಿನ ಬಿಳಿಯ ಅರಳೆ ಹೊರಬರುತ್ತಿದ್ದುದನ್ನು ಗಮನಿಸಿದನು. ಆ ಅರಳೆಯ ಎಳೆಗಳನ್ನು ಒತ್ತಿ ಬೆಸೆದಾಗ ಕಾಗದವೂ ಅ‌ಲ್ಲದ ಬಟ್ಟೆಯೂ ಅಲ್ಲದ ಹಾಳೆಯೊಂದು ಸಿದ್ಧವಾಯಿತು. 1967ರಲ್ಲಿ ಟೈವೆಕ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದ ಅದರ ಸೂಕ್ಷ್ಮ ರಂಧ್ರಗಳು ನೀರಿನ ಹನಿಗೆ ಕಿರಿದು, ನೀರಾವಿಯ ಕಣಕ್ಕೆ ಹಿರಿದು. ಈಗ ಅಂಗಡಿಯಲ್ಲಿ ಸಿಕ್ಕುವ ಬೂದು ಹಾಳೆಗಳಲ್ಲಿ ಬಹುಪಾಲು ಎರಡು ನೂಲುಪದರಗಳ ನಡುವೆ ತೆಳುವಾದ ಪೊರೆಯನ್ನು ಬೆಸೆದ ಪಾಲಿಪ್ರೊಪಿಲೀನಿನವು, ತತ್ತ್ವ ಅದೇ. ಅಲ್ಲಿಗೆ ಮನುಷ್ಯನು ಮುಳಿಹುಲ್ಲಿನ ಗುಣವನ್ನು ಅರ್ಧ ಮಿಲಿಮೀಟರಿನ ದಪ್ಪದಲ್ಲಿ ಮರಳಿ ಪಡೆದಂತಾಯಿತು.

ಆದುದರಿಂದ ಮರದ ಪಕಾಸಿನ ಮೇಲೆ ಹೆಂಚನ್ನೇ ಮರಳಿ ಹೊದಿಸುವ ಸಂಕಲ್ಪವಿರುವವರು, ಜೋಡುಹೆಂಚಿನ ಸಾಮರ್ಥ್ಯವಿಲ್ಲದಿದ್ದರೆ, ಬೂದು ಹಾಳೆಗೆ ಹಣ ಹಾಕುವುದು ಯುಕ್ತ. ಬೆಳ್ಳಿಹಾಳೆಯ ಗುಣ ಬಿಸಿಲ ತಾಪವನ್ನು ಹಿಂದಿರುಗಿಸುವುದು. ಹೊಳೆಯುವ ಮುಖದ ಎದುರಿಗೆ ಗಾಳಿಯ ಅಂತರವಿದ್ದರೆ ಮಾತ್ರ ಆ ಗುಣ ಪ್ರಕಟವಾಗುತ್ತದೆ, ಧೂಳು ಮುಚ್ಚಿದಂತೆ ಕುಗ್ಗುತ್ತದೆ, ಹಬೆಯ ವಿಷಯದಲ್ಲಿ ಅದು ಟಾರ್ಪಾಲಿನ ಸೋದರನೇ. ಉಸಿರಾಡುವ ಹಾಳೆಯನ್ನೂ ಟಾರ್ಪಾಲಿನಂತೆ ಹಾಸಿದರೆ ಕೊಟ್ಟ ಬೆಲೆ ವ್ಯರ್ಥ. ಪಕಾಸಿನ ಮೇಲೆ ಹಾಳೆಯನ್ನು ಕೆಳಗಿನಿಂದ ಮೇಲಕ್ಕೆ, ಗೇಣಿನಷ್ಟು ಒಂದರ ಮೇಲೊಂದು ಬರುವಂತೆ, ಪಕಾಸುಗಳ ನಡುವೆ ಕೊಂಚ ಜೋಲುವಂತೆ ಬಿಡಿಸಬೇಕು; ಅದರ ಮೇಲೆ ಪಕಾಸಿನ ಉದ್ದಕ್ಕೇ ಒಂದಂಗುಲದ ಪಟ್ಟಿಯನ್ನು ಹೊಡೆದು, ಆ ಪಟ್ಟಿಯ ಮೇಲೆ ಅಡ್ಡಲಾಗಿ ಹೆಂಚಿನ ರೀಪನ್ನು ಜಡಿಯಬೇಕು. ಆಗ ಹೆಂಚಿನಿಂದಿಳಿದ ನೀರು ರೀಪಿನ ಅಡಿಯಲ್ಲಿಯೇ ನುಸುಳಿ ಸೂರಿಗೆ ಹರಿಯುತ್ತದೆ, ಸೂರಿನಿಂದ ಹೊಕ್ಕ ಗಾಳಿಯು ಹೆಂಚಿನ ಬೆನ್ನನ್ನು ಒಣಗಿಸುತ್ತ ನೆತ್ತಿಯಲ್ಲಿ ಹೊರಬೀಳುತ್ತದೆ. ನೆತ್ತಿಯ ಮೂಲೆಹೆಂಚುಗಳನ್ನು ಸಿಮೆಂಟಿನಿಂದ ಉಸಿರು ಕಟ್ಟುವಂತೆ ಮುಚ್ಚಿಬಿಟ್ಟರೆ ಈ ಹಾದಿಯೂ ಬಂದ್. ಈ ಒಂದಂಗುಲದ ಪಟ್ಟಿಗೆ ಮರವೂ ಕೂಲಿಯೂ ಅಧಿಕವಾಗುವುದೆಂದು ಗುತ್ತಿಗೆದಾರರು ಅದನ್ನು ಬಿಟ್ಟುಬಿಡಲು ಸೂಚಿಸುತ್ತಾರೆ. ಹಾಳೆಯ ದರದಲ್ಲಿ ಚೌಕಾಸಿ ಮಾಡಿದರೂ ಚಿಂತೆಯಿಲ್ಲ, ಪಟ್ಟಿಯಲ್ಲಿ ಬಿಟ್ಟುಕೊಡಬಾರದು. ಬಿಸಿಲಿಗೆ ಇಂಥ ಹಾಳೆ ಬೇಗ ಸಾಯುವುದರಿಂದ ಹಾಸಿದ ಮೇಲೆ ಹೆಂಚಿಗಾಗಿ ತಿಂಗಳುಗಟ್ಟಲೆ ಕಾಯಿಸಲೂ ಆಗದು.

ಕಾಂಕ್ರೀಟಿನ ಇಳಿಜಾರು ಚಪ್ಪಡಿಯ ಮೇಲೆ ಅಂದಕ್ಕಾಗಿ ಹೆಂಚು ಅಂಟಿಸುವವರ ಮನೆಯಲ್ಲಿ ಈ ಚರ್ಚೆಗೆ ಎಡೆಯಿಲ್ಲ. ಅಲ್ಲಿ ಮಾಡೆಂದರೆ ಕೆಳಗಿನ ಕಾಂಕ್ರೀಟು, ಹೆಂಚು ಅದರ ಒಡವೆ. ಜೇಡಿಮಣ್ಣೂ ಸೌದೆಯೂ ದುಬಾರಿಯಾಗಿ ನದಿದಡದ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಮುಚ್ಚಿದ ಮೇಲೆ, ಕೆಡವಿದ ಮನೆಗಳ ಹಳೆಯ ಹೆಂಚಿಗೆ ಇಂಥ ಒಡವೆಯಾಗಿಯೇ ಗಿರಾಕಿಗಳು ಹೆಚ್ಚು. ಉಬ್ಬುಕೆಲಸದ ಸೀಲಿಂಗ್ ಹೆಂಚಿಗಂತೂ ಮಳೆಯ ಹೆಂಚಿಗಿಂತ ಮಿಗಿಲಾದ ಬೆಲೆ. ಕೊಳ್ಳುವವರಲ್ಲಿ ಬಹುಮಂದಿ ಅದನ್ನು ಗೋಡೆಗೆ ಅಂಟಿಸುತ್ತಾರೆಂದು ಕೇಳಿದ್ದೇನೆ.